ಸಭೆಯ ಬಾಗಿಲಲ್ಲಿ ಆರ್ವಿಡ್ ಹೌಗೆನ್

ಆರ್ವಿಡ್ ಹೌಗೆನ್‌ನ ಕ್ಷೌರದಂಗಡಿಗೂ ನನ್ನ ಹಾರ್ಡ್‌ವೇರ್ ಅಂಗಡಿಗೂ ನಡುವೆ ಒಂದೇ ಗೋಡೆ. ಅದೂ ತೆಳ್ಳಗಿನ ಹಲಗೆಯದು. ಹಾಗಾಗಿ ಅವನ ವಾದಗಳನ್ನೆಲ್ಲ ನಾನು ಮೊಳೆ ತೂಗುತ್ತ, ಬಣ್ಣದ ಡಬ್ಬಿ ಜೋಡಿಸುತ್ತ ಕೇಳಿಸಿಕೊಂಡಿದ್ದೇನೆ. ಮೊಂಟಾನಾದ ನಮ್ಮ ಕಣಿವೆಯಲ್ಲಿ, ಅದರಲ್ಲೂ ಸ್ಟಿಲ್‌ಮನ್ ಕ್ರೀಕ್‌ನಂಥ ಸಣ್ಣ ಊರಿನಲ್ಲಿ, ಗಂಡಸಾದವನು ತಿಂಗಳಿಗೊಮ್ಮೆಯಾದರೂ ಅವನ ಕುರ್ಚಿಯಲ್ಲಿ ಕೂರಲೇಬೇಕಿತ್ತು. ಕೂತಮೇಲೆ ಅವನ ಮಾತು ಕೇಳಲೇಬೇಕಿತ್ತು. ಕೊರಳಿಗೆ ಬಿಳಿ ಬಟ್ಟೆ ಬಿಗಿದು, ಕೂತವನ ಕಿವಿಯ ಹಿಂದೆ ಕತ್ತಿ ಇಟ್ಟು, "ಈಗ ಹೇಳು, ಜನರ ಕೈಲಿ ಕೋವಿ ಇಲ್ದೇ ಇದ್ರೆ ಸರ್ಕಾರಕ್ಕೆ ಯಾರ ಭಯ?" ಎಂದು ಕೇಳಿದರೆ ಅಡ್ಡಮಾತಾಡುವ ಧೈರ್ಯ ಯಾರಿಗಿರುತ್ತದೆ?

ಅವನು ಜಗಳಗಂಟನಲ್ಲ. ಉದ್ದನೆಯ, ಬಾಗಿದ ಬೆನ್ನಿನ, ನಕ್ಕರೆ ಕಣ್ಣಲ್ಲಿ ನೀರು ಬರುವ ಮನುಷ್ಯ. ಹಾಸಿಗೆ ಹಿಡಿದವರ ಮನೆಗೆ ತಾನೇ ಹೋಗಿ ಕೂದಲು ಕತ್ತರಿಸಿ ಬರುತ್ತಿದ್ದ. ಆದರೆ ಕೋವಿಯ ಮಾತು ಬಂದರೆ ಮಾತ್ರ ಅವನು ಬೇರೆಯೇ ಆಗುತ್ತಿದ್ದ. ಕಾರಣವೂ ಇತ್ತು. ಅವನ ತಾತ ಗಣಿ ಕಾರ್ಮಿಕ. ಮುಷ್ಕರದ ದಿನ ಗಣಿಯ ಬಾಗಿಲಲ್ಲಿ ಕಂಪನಿಯ ಕಾವಲುಗಾರರು ಬರಿಗೈಯ ಜನರ ಮೇಲೆ ಗುಂಡು ಹಾರಿಸಿದರು. ಪೊಲೀಸರು ಕೈಕಟ್ಟಿ ನಿಂತು ನೋಡಿದರು. ತಾತನ ತೊಡೆಗೆ ಗುಂಡು ಬಿತ್ತು. ಸಾಯುವವರೆಗೂ ಅವರು ಕುಂಟಿಕೊಂಡೇ ನಡೆದರು. "ಅವತ್ತು ನಮ್ಮ ತಾತನ ಕೈಲೂ ಒಂದು ಕೋವಿ ಇದ್ದಿದ್ರೆ ಆ ಕಾವಲುಗಾರ ಹಾರಿಸೋಕ್ಮುಂಚೆ ಎರಡು ಸಲ ಯೋಚನೆ ಮಾಡ್ತಿದ್ದ," ಎಂದು ಆರ್ವಿಡ್ ಹೇಳುವಾಗ ಅವನ ದನಿ ತಗ್ಗುತ್ತಿತ್ತು.

ಅವನಿಗೆ ಸರಿಯಾಗಿ ಎದುರುತ್ತರ ಕೊಡುತ್ತಿದ್ದವನು ಊರಿನಲ್ಲಿ ಒಬ್ಬನೇ, ವಾ ಮೆಂಗ್ ಮುವಾ. ಲಾವೋಸಿನ ಬೆಟ್ಟದ ಹ್ಮಾಂಗ್ ಜನರವನು. ನದಿಯಾಚೆ ತರಕಾರಿ ಬೆಳೆದು ಶನಿವಾರದ ಸಂತೆಯಲ್ಲಿ ಮಾರುತ್ತಿದ್ದ. ಆರ್ವಿಡ್‌ನ ಹೆಗಲಿಗೂ ಬಾರದ ಎತ್ತರ. ಮೀಸೆ ಚಿಗುರುವ ಮೊದಲೇ ಅಲ್ಲಿನ ಯುದ್ಧದಲ್ಲಿ ಬಂದೂಕು ಹೊತ್ತವನು, ತನ್ನ ಕಡೆ ಸೋತಮೇಲೆ ಕಾಡಿನಲ್ಲಿ ಅಡಗಿ, ದೊಡ್ಡ ನದಿ ಈಜಿ, ನಿರಾಶ್ರಿತರ ಶಿಬಿರಗಳಲ್ಲಿ ಬೆಳೆದು ಇಲ್ಲಿಗೆ ಬಂದವನು. ಅವನ ಒರಟು ಕೂದಲು ಆರ್ವಿಡ್‌ನ ಕತ್ತರಿಗೆ ಬಗ್ಗುತ್ತಿರಲಿಲ್ಲ. ಮಾತಿಗೂ ಬಗ್ಗುತ್ತಿರಲಿಲ್ಲ.

"ನಿಮ್ಮ ಕೈಲಿ ಕೋವಿ ಇತ್ತಲ್ವೇನಯ್ಯಾ? ಅದಕ್ಕೇ ನೀನು ಬದುಕಿ ಬಂದೆ. ಒಪ್ಕೋ," ಎನ್ನುತ್ತಿದ್ದ ಆರ್ವಿಡ್.

"ಇತ್ತು. ಕೋವಿ ಇತ್ತು ಅಂತ ಉಳ್ಕೊಂಡ್ವಿ. ಕೋವಿ ಇದೆ ಅಂತಾನೇ ಗೆದ್ದು ಬಂದ ಸರ್ಕಾರದೋರು ಕಾಡೆಲ್ಲಾ ಅಟ್ಟಾಡಿಸ್ಕೊಂಡ್ ಬಂದ್ರು. ನೀನು ಯಾವಾಗ್ಲೂ ಅರ್ಧ ಕಥೆ ಮಾತ್ರ ಕೇಳ್ತೀಯ."

"ಹಂಗಾದ್ರೆ ಕೊಟ್ಬಿಡ್ಬೇಕಿತ್ತಾ?"

"ಕೊಟ್ಟೋರೂ ಇದ್ರು. ನಮ್ಮ ದೊಡ್ಡಪ್ಪ ಕೊಟ್ರು. ಅವರನ್ನ ಕರ್ಕೊಂಡ್ ಹೋದ್ರು, ವಾಪಸ್ ಬರ್ಲಿಲ್ಲ."

"ನೋಡಿದ್ಯಾ! ನಾನು ಹೇಳಿದ್ದೂ ಅದೇ!"

"ನೀನು ಹೇಳಿದ್ದು ಅದಲ್ಲ. ಕಿವಿ ಹತ್ರ ನೋಡ್ಕೊಂಡು ಕತ್ತರಿಸು."

ಹೀಗೆ ವರ್ಷಗಟ್ಟಲೆ ನಡೆಯಿತು. ಶರತ್ಕಾಲ ಬಂದರೆ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತಿದ್ದರು. ಇವರ ಗಲಾಟೆಗೆ ಪ್ರಾಣಿಗಳು ಕಣಿವೆಯನ್ನೇ ಬಿಟ್ಟು ಹೋಗುತ್ತವೆ ಎಂದು ಆರ್ವಿಡ್‌ನ ಹೆಂಡತಿ ಲೂಯೆಲ್ಲಾ ನಗುತ್ತಿದ್ದಳು. ನಿಜಕ್ಕೂ ಅವರು ಬರಿಗೈಲಿ ಬಂದದ್ದೇ ಹೆಚ್ಚು.

ಒಂದು ಚಳಿಗಾಲದಲ್ಲಿ ನೀರಿನ ಕೊಳಾಯಿ ವಿಷಯಕ್ಕೆ ಪುರಸಭೆ ಸೇರಿತ್ತು. ಹಿಂದಿನ ಸಾಲಿನಲ್ಲಿ ಮುದುಕರೊಬ್ಬರು ಕೂತಲ್ಲೇ ತೂಕಡಿಸಿದರು. ಅವರ ಸೊಂಟದಲ್ಲಿದ್ದ ಪಿಸ್ತೂಲು ಜಾರಿ ನೆಲಕ್ಕೆ ಬಿದ್ದು ಢಂ ಎಂದಿತು. ಗುಂಡು ಮೂಲೆಯಲ್ಲಿದ್ದ ಕಾಫಿ ಪಾತ್ರೆಯನ್ನು ತೂತು ಮಾಡಿತು. ಯಾರಿಗೂ ಏನೂ ಆಗಲಿಲ್ಲ. ಬಿಸಿ ಕಾಫಿ ಮಾತ್ರ ಧಾರೆಯಾಗಿ ಸುರಿಯಿತು. ಮುದುಕರು ಎಚ್ಚೆತ್ತು, "ಮತಕ್ಕೆ ಹಾಕಿದ್ರಾ?" ಎಂದು ಕೇಳಿದರಂತೆ. ಊರೆಲ್ಲ ಒಂದು ವಾರ ನಕ್ಕಿತು.

ನಗದೇ ಇದ್ದವರು ಬರ್ನೀಸ್ ಟೀಚರ್. ಪುರಸಭೆಯ ಸದಸ್ಯೆ, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಆರ್ವಿಡ್‌ಗೂ. ಕಾಫಿ ಪಾತ್ರೆಯ ಪಕ್ಕದ ಕುರ್ಚಿ ಅವರದಾಗಿತ್ತು. ಸಭೆಯ ಕೋಣೆಯೊಳಗೆ ಯಾರೂ ಕೋವಿ, ಪಿಸ್ತೂಲು ತರಬಾರದು, ಗಾಡಿಯಲ್ಲೇ ಬಿಟ್ಟು ಬರಬೇಕು ಎಂಬ ನಿಯಮ ಬೇಕೇ ಬೇಡವೇ ಎಂದು ಅವರು ಚರ್ಚೆಗೆ ಇಟ್ಟರು.

ಆರ್ವಿಡ್ ಕೆರಳಿದ. ಚರ್ಚೆಗೆಂದು ಅವನು ಅಭ್ಯಾಸ ಮಾಡುತ್ತಿದ್ದ ಭಾಷಣವನ್ನು ನಾನು ಗೋಡೆಯಾಚೆಯಿಂದ ಎಷ್ಟು ಸಲ ಕೇಳಿದೆನೆಂದರೆ ಅವನು ತಡವರಿಸಿದ ಕಡೆ ನಾನೇ ಕೂಗಿ ಮುಂದಿನ ಸಾಲು ಹೇಳಿಕೊಡುತ್ತಿದ್ದೆ. ಈ ನಿಯಮದ ಸುದ್ದಿ ಹೇಗೋ ಕಣಿವೆ ದಾಟಿತು. ಯಾರೋ ಇಂಟರ್‌ನೆಟ್ಟಿನಲ್ಲಿ ಹಾಕಿದರು, ಯಾವುದೋ ರೇಡಿಯೋದವರು ಮಾತಾಡಿದರು.

ಚರ್ಚೆಯ ದಿನ ಸಂಜೆ, ಇನ್ನೂ ಬಿಸಿಲಿರುವಾಗಲೇ, ಪುರಸಭೆಯ ಮುಂದೆ ನಮ್ಮೂರಿನದಲ್ಲದ ಟ್ರಕ್ಕುಗಳು ಸಾಲಾಗಿ ನಿಂತವು. ಹೆಗಲಿಗೆ ಕೋವಿ ತೂಗುಹಾಕಿಕೊಂಡ ಗಂಡಸರು ಇಳಿದು, ಮೆಟ್ಟಿಲುಗಳ ಎರಡೂ ಪಕ್ಕ ಸಾಲುಗಟ್ಟಿದರು. ನಮ್ಮೂರಿನ ಕೆಲವರೂ ಅವರ ಜೊತೆ ಸೇರಿಕೊಂಡರು. ಯಾರೂ ಯಾರನ್ನೂ ಬೈಯಲಿಲ್ಲ. ಹೆಂಗಸರು ಬಂದರೆ ಟೋಪಿ ಮುಟ್ಟಿ ನಮಸ್ಕಾರ ಹೇಳುತ್ತಿದ್ದರು. ಆದರೆ ಒಳಗೆ ಹೋಗಬೇಕಾದವರು ಆ ಎರಡು ಸಾಲಿನ ನಡುವೆಯೇ ಹಾದುಹೋಗಬೇಕಿತ್ತು. ನಿಯಮ ಬೇಕು ಎನ್ನಲು ಬಂದಿದ್ದವರ ಎರಡು ಮೂರು ಕಾರುಗಳು ನಿಲ್ಲದೆ ಹಾಗೇ ತಿರುಗಿ ಹೋದದ್ದನ್ನು ನಾನೇ ಕಂಡೆ.

ಆರ್ವಿಡ್ ಮೊದಲು ಹಿಗ್ಗಿದ. ಸಾಲಿನುದ್ದಕ್ಕೂ ಕೈಕುಲುಕಿದ. ಅವರ ಮುಂದಾಳು, ಕಪ್ಪು ಕನ್ನಡಕದ ದಾಂಡಿಗ, ಅವನ ಬೆನ್ನು ತಟ್ಟಿದ. "ಅಣ್ಣಾ, ನಿನಗೋಸ್ಕರಾನೇ ಇಷ್ಟು ದೂರ ಬಂದಿದೀವಿ. ನೀನು ಧೈರ್ಯವಾಗಿ ಮಾತಾಡು."

ಅಷ್ಟರಲ್ಲಿ ಬರ್ನೀಸ್ ಟೀಚರ್ ಕೋಲೂರಿಕೊಂಡು ಬಂದರು. ಶಾಲೆಯ ಅಂಗಳಕ್ಕೆ ನುಗ್ಗಿದ ಕರಡಿಯನ್ನು ಕೈಗಂಟೆ ಬಾರಿಸಿ ಓಡಿಸಿದ್ದ ಹೆಂಗಸು ಅವರು. ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟರು. ಒಮ್ಮೆ ಮೇಲೆ ನೋಡಿದರು, ಒಮ್ಮೆ ಬಂದ ದಾರಿಯನ್ನು ನೋಡಿದರು. ಕೈಚೀಲದ ಗುಂಡಿಯನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು.

ಆರ್ವಿಡ್ ಇಳಿದು ಹೋದ. "ಟೀಚರ್, ಒಳಗೆ ಬರಲ್ವಾ?"

"ಬರ್ತೀನಪ್ಪ. ಕಾಲು ಯಾಕೋ ಮಾತು ಕೇಳ್ತಿಲ್ಲ."

"ಮಂಡಿ ನೋವಾ?"

"ಮಂಡಿ ಅಲ್ಲ," ಎಂದರು ಟೀಚರ್. ಅಷ್ಟೇ ಅಂದರು.

ಆರ್ವಿಡ್‌ನ ಮುಖ ಬದಲಾದದ್ದನ್ನು ನಾನು ನೋಡಿದೆ. ಅವನು ತಿರುಗಿ ಮೆಟ್ಟಿಲು ಹತ್ತಿ ಕನ್ನಡಕದವನ ಎದುರು ನಿಂತ.

"ತಮ್ಮಾ, ಕೋವಿಗಳನ್ನ ಟ್ರಕ್ಕಲ್ಲಿಟ್ಟು ಬನ್ನಿ. ಎಲ್ಲರೂ ಒಳಗೆ ಕೂತು ಮಾತಾಡೋಣ."

"ಏನಣ್ಣಾ ಹಿಂಗಂತೀಯ? ನಾವು ಯಾರಿಗೂ ಏನೂ ಮಾಡಿಲ್ವಲ್ಲ. ಹಕ್ಕಿದೆ, ನಿಂತಿದೀವಿ."

"ಹಕ್ಕಿಲ್ಲ ಅಂದೋರ್ಯಾರು? ನಮ್ಮ ತಾತನ ಗಣಿ ಬಾಗಿಲಲ್ಲೂ ಹಿಂಗೇ ನಿಂತಿದ್ರಂತೆ. ಅವರೂ ಯಾರಿಗೂ ಏನೂ ಮಾಡಿರ್ಲಿಲ್ಲ, ಮಾಡೋವರೆಗೂ."

"ನಮ್ಮನ್ನ ಕಂಪನಿ ಗೂಂಡಾಗಳಿಗೆ ಹೋಲಿಸ್ತೀಯಾ? ನೀನು ಯಾರ ಕಡೆಯವನು ಹೇಳು ಮೊದ್ಲು!"

"ಇಷ್ಟೊತ್ತು ನಿಮ್ಮ ಕಡೆ ಅಂದ್ಕೊಂಡಿದ್ದೆ. ಆ ಟೀಚರ್ ನಂಗೆ ಅ ಆ ಕಲಿಸಿದೋರು. ಅವರು ನನ್ನ ವಾದ ಕೇಳಿ ಸೋಲ್ಬೇಕು ಕಣಯ್ಯಾ, ನಿನ್ನ ನೋಡಿ ಅಲ್ಲ."

ಸಾಲಿನಲ್ಲಿ ಯಾರೋ "ದ್ರೋಹಿ" ಎಂದರು. ಕನ್ನಡಕದವನು ಅಲುಗಲಿಲ್ಲ. ಆರ್ವಿಡ್ ತನ್ನ ಸೊಂಟದ ಪಿಸ್ತೂಲು ತೆಗೆದು, ಗುಂಡುಗಳನ್ನು ಖಾಲಿ ಮಾಡಿ, ಜೊತೆಗೆ ಬಂದಿದ್ದ ಲೂಯೆಲ್ಲಾಳ ಕೈಗೆ ಕೊಟ್ಟ. ಅವಳು ಅದನ್ನು ಹೆಣಿಗೆ ಚೀಲದೊಳಗೆ ಹಾಕಿಕೊಂಡಳು. ನಮ್ಮೂರಿನವರು ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಮ್ಮ ಟ್ರಕ್ಕುಗಳ ಕಡೆ ನಡೆದರು. ಹೊರಗಿನವರು ಮಾತ್ರ ನಿಂತೇ ಇದ್ದರು. ಆರ್ವಿಡ್ ಟೀಚರ್ ಅವರ ಒಂದು ತೋಳು ಹಿಡಿದ. ಎಲ್ಲಿದ್ದನೋ ವಾ ಮೆಂಗ್, ಬಂದು ಇನ್ನೊಂದು ತೋಳು ಹಿಡಿದ. ಮೂವರೂ ಆ ಸಾಲಿನ ನಡುವೆ ನಿಧಾನವಾಗಿ ಹತ್ತಿದರು. ಅವರ ಹಿಂದೆ ನಾವೆಲ್ಲ ಹತ್ತಿದೆವು.

ಒಳಗೆ ಹೋದಮೇಲೆ ಆರ್ವಿಡ್ ಎದ್ದು ನಿಂತು ಆ ನಿಯಮದ ವಿರುದ್ಧವೇ ಮಾತಾಡಿದ. ಒಂದು ಅಕ್ಷರವನ್ನೂ ಬಿಡಲಿಲ್ಲ. ತಾತನ ಕಾಲು, ಗಣಿಯ ಬಾಗಿಲು, ಕೈಕಟ್ಟಿ ನಿಂತ ಪೊಲೀಸರು, ಎಲ್ಲ ಬಂತು. ಅಂಥವನು ಬಾಗಿಲಲ್ಲಿ ಏನು ಮಾಡಿ ಬಂದಿದ್ದ ಎಂದು ಗೊತ್ತಿದ್ದ ನಮಗೆ ಆ ಮಾತು ಇನ್ನೂ ಗಟ್ಟಿಯಾಗಿ ಕೇಳಿಸಿತು. ವಾ ಮೆಂಗ್ ತನ್ನ ಸರದಿಯಲ್ಲಿ ಹೇಳಿದ್ದು ಸ್ವಲ್ಪವೇ: "ನಮ್ಮ ಬೆಟ್ಟದಲ್ಲಿ ಹಿಂಗೆ ಕೂತು ಮಾತಾಡೋಕೆ ಒಂದು ಕೋಣೆ ಇರ್ಲಿಲ್ಲ. ಮನೇಲಿ ನನ್ನ ಹತ್ರಾನೂ ಕೋವಿ ಇದೆ. ಅದನ್ನ ಯಾರಾದ್ರೂ ಕೇಳಿದ್ರೆ ಕೊಡಲ್ಲ. ಆದ್ರೆ ಈ ಕೋಣೆಗೆ ತರೋಕೆ ನಂಗೆ ಮನಸ್ಸಿಲ್ಲ."

ಮತಕ್ಕೆ ಹಾಕಿದಾಗ ಸದಸ್ಯರ ಮತ ಎರಡೂ ಕಡೆ ಸಮವಾಯಿತು. ಉಳಿದದ್ದು ಬರ್ನೀಸ್ ಟೀಚರ್ ಮಾತ್ರ.

"ನಿಜ ಹೇಳ್ತೀನಿ," ಎಂದರು ಅವರು. "ಚರ್ಚೆಗೆ ಇಟ್ಟಿದ್ದು ನಾನೇ. ಆದ್ರೆ ನಿನ್ನೆವರೆಗೂ ಮನಸ್ಸು ಡೋಲಾಯಮಾನ ಆಗಿತ್ತು. ಪಾಪ, ತೂಕಡಿಸೋ ಒಬ್ಬ ಮುದುಕನಿಗೋಸ್ಕರ ಊರಿಗೆಲ್ಲಾ ಕಟ್ಟುಪಾಡು ಯಾಕೆ, ಆರ್ವಿಡ್ ಹೇಳೋದು ಕೇಳಿ ಬೇಡ ಅಂತ ಬಿಟ್ಬಿಡೋಣ ಅಂದ್ಕೊಂಡಿದ್ದೆ. ಇವತ್ತು ಆ ಮೆಟ್ಟಿಲ ಹತ್ರ ನಿಂತಮೇಲೆ ಮನಸ್ಸು ಗಟ್ಟಿಯಾಯ್ತು. ನಿಯಮ ಬೇಕು."

ಆರ್ವಿಡ್ ಸೋತ. ಟೀಚರ್ ಅವರ ಕೈಹಿಡಿದು ಕೆಳಗಿಳಿಸಿ ಮನೆಗೆ ಬಿಟ್ಟು ಬಂದ.

ಆಮೇಲಿನ ದಿನಗಳು ಅವನಿಗೆ ಚೆನ್ನಾಗಿರಲಿಲ್ಲ. ಹಳೆಯ ಗಿರಾಕಿಗಳು ಎಷ್ಟೋ ಮಂದಿ ಪಕ್ಕದ ಊರಿನ ಅಂಗಡಿಗೆ ಹೋಗತೊಡಗಿದರು. ಒಂದು ಬೆಳಿಗ್ಗೆ ಅಂಗಡಿಯ ಗಾಜಿನ ಮೇಲೆ ಯಾರೋ ಬಣ್ಣದಲ್ಲಿ "ದ್ರೋಹಿ" ಎಂದು ಬರೆದಿದ್ದರು. ನಾನು ಟರ್ಪೆಂಟೈನ್ ಡಬ್ಬಿ, ಹಳೇ ಬಟ್ಟೆ ತೆಗೆದುಕೊಂಡು ಓಡಿದೆ. ಇಬ್ಬರೂ ಸೇರಿ ಉಜ್ಜಿದೆವು. "ಕಾಗುಣಿತ ತಪ್ಪಿದೆ. ಟೀಚರ್ ನೋಡಿದ್ರೆ ಬಿಡ್ತಿರ್ಲಿಲ್ಲ," ಎಂದನೇ ಹೊರತು ನಗಲಿಲ್ಲ. ಗೋಡೆಯಾಚೆ ವಾದವಿಲ್ಲ, ಗದ್ದಲವಿಲ್ಲ. ಕತ್ತರಿಯ ಸದ್ದು ಮಾತ್ರ. ನನಗಂತೂ ಕೆಲಸವೇ ಸಾಗುತ್ತಿರಲಿಲ್ಲ.

ಕೊನೆಗೆ ವಾ ಮೆಂಗ್ ಒಂದು ಬುಟ್ಟಿ ಹಸಿಮೆಣಸಿನಕಾಯಿ ಹಿಡಿದು ಬಂದು ಕುರ್ಚಿಯಲ್ಲಿ ಕೂತ.

"ಏನಯ್ಯಾ, ಇನ್ನು ಸರ್ಕಾರವೇ ಸರಿ ಅಂತೀಯೋ ಹೆಂಗೆ?"

"ಯಾರಂದೋರು?" ಆರ್ವಿಡ್‌ನ ದನಿ ಏರಿತು. "ಜನರ ಕೈಲಿ ಕೋವಿ ಇರ್ಲೇಬೇಕು. ಇವತ್ತೂ ಅದೇ ಹೇಳ್ತೀನಿ."

"ಮತ್ತೆ ಅವತ್ತು?"

"ಅವತ್ತು ಅವರು ಹೆದರಿಸಿದ್ದು ಸರ್ಕಾರನಲ್ಲ ಕಣಯ್ಯಾ, ನಮ್ಮ ಜನಾನ್ನ. ದಬ್ಬಾಳಿಕೆ ಅಂದ್ರೆ ಮೇಲಿಂದ ಮಾತ್ರ ಬರುತ್ತೆ ಅಂದ್ಕೊಂಡಿದ್ದೆ. ಅದು ಬೇರೆ ಊರಿಂದ ಟ್ರಕ್ಕಲ್ಲೂ ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ಇಪ್ಪತ್ತು ವರ್ಷದಿಂದ ನಾನು ಹೇಳ್ತಿರೋದೂ ಅದೇ ಅಲ್ವೇನೋ?"

"ನೀನು ಹೇಳಿದ್ದು ಅದಲ್ಲ!"

ನಾನು ಗೋಡೆಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟು, "ಮೆಲ್ಲಗೆ ಮಾತಾಡ್ರೋ!" ಎಂದು ಕೂಗಿದೆ. ಮನಸ್ಸಿಗೆ ಎಷ್ಟು ಹಾಯೆನಿಸಿತೆಂದು ಹೇಳಲಾರೆ.

ಮುಂದಿನ ವರ್ಷ ಬರ್ನೀಸ್ ಟೀಚರ್ ಸದಸ್ಯತ್ವ ಬಿಟ್ಟರು. ಬಿಡುವಾಗ ಆರ್ವಿಡ್‌ನ ಅಂಗಡಿಗೇ ಬಂದು, "ನನ್ನ ಜಾಗಕ್ಕೆ ನೀನು ನಿಲ್ಲು. ನನ್ನ ಮಾತು ಒಪ್ಪದೇ ಇದ್ರೂ ನನ್ನ ಒಳಗೆ ಕರ್ಕೊಂಡ್ ಹೋದೋನು ನೀನು," ಎಂದರು. ಅವನು ಬೇಡವೆಂದ, ಲೂಯೆಲ್ಲಾ ಬೇಕೆಂದಳು. ನಿಂತ, ಗೆದ್ದೂಬಿಟ್ಟ. ಪ್ರಮಾಣವಚನ ಮುಗಿದ ಕೂಡಲೇ ವಾ ಮೆಂಗ್ ಹತ್ತಿರ ಹೋಗಿ ಕೈಕುಲುಕಿ, "ಈಗ ಸರ್ಕಾರ ಅಂದ್ರೆ ನೀನೇ. ಹುಷಾರು, ನನ್ನ ಕೋವಿಗೆ ನಿನ್ನೆ ತಾನೇ ಎಣ್ಣೆ ಹಾಕಿದೀನಿ," ಎಂದ. ಆರ್ವಿಡ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಆಡಳಿತದಲ್ಲಿ ಅವನ ಪಾಲಿಗೆ ಬಂದದ್ದು ಚರಂಡಿ, ಬೀದಿನಾಯಿ, ಹಿಮ ತೆಗೆಯುವ ಯಂತ್ರದ ರಿಪೇರಿ. ಆ ನಿಯಮವನ್ನು ತೆಗೆಯಬೇಕೆಂದು ಒಮ್ಮೆ ಪ್ರಸ್ತಾಪಿಸಿದ, ಸೋತ. ಸೋತದ್ದನ್ನು ಒಪ್ಪಿಕೊಂಡು ಪ್ರತಿ ಸಭೆಗೂ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಬಂದ. ಬೇರೆ ಊರಿಗೆ ಹೋಗಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಯಾಕೆ ಬಂದೆ ಎಂದು ಅವನು ಕೇಳಲಿಲ್ಲ.

ಕೊನೆಗಾಲದಲ್ಲಿ ಕೈನಡುಕ ಬಂದು ಕತ್ತರಿ ಬಿಡಬೇಕಾಯಿತು. ಆಗ ವಾರಕ್ಕೊಮ್ಮೆ ವಾ ಮೆಂಗ್ ಅವನ ಮನೆಗೆ ಹೋಗಿ ಗಡ್ಡ ಹೆರೆದು ಬರುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ನೊರೆ ತುಂಬಿದ ಮುಖವೆತ್ತಿ ಆರ್ವಿಡ್ ಏನೋ ವಾದ ಶುರುಮಾಡಿದ. ವಾ ಮೆಂಗ್ ಅವನ ಗಲ್ಲ ಹಿಡಿದು, "ಬಾಯಿ ಮುಚ್ಕೊಂಡಿರೋ, ಇವತ್ತು ಕತ್ತಿ ನನ್ನ ಕೈಲಿದೆ," ಎಂದು ಮೆತ್ತಗೆ ಹೇಳಿದ. ಆರ್ವಿಡ್ ಕಣ್ಣು ಮುಚ್ಚಿ ಮುಖ ಒಪ್ಪಿಸಿದ. ಅಡುಗೆಮನೆಯಿಂದ ಲೂಯೆಲ್ಲಾ ಹಕಲ್‌ಬೆರಿ ಎಂಬ ಕಾಡುಹಣ್ಣಿನ ಕಡುಬಿನ ತಟ್ಟೆ ತಂದು, ಇಬ್ಬರಿಗೂ ಕಾಣುವಂತೆ ಮೇಜಿನ ಮೇಲಿಟ್ಟಳು.