ಅರ್ಥಿಂಗ್ ಸರಿಯಿಲ್ಲದ ಕಾಲದ ಸಂಗೀತ

ನಮ್ಮ ತಂಡದಲ್ಲಿ ಇಬ್ಬರೇ ಇದ್ದುದು: ಕೀಬೋರ್ಡಿಗೆ ನಾನು, ಹಾಡಿಗೆ ಕಡಬದ ಗೆಳೆಯ. ಹಾಡು ಎಂದರೆ ಹಾಡಲ್ಲ, ಮೈಕಿನೊಳಗೆ ಗೊಗ್ಗರು ದನಿಯಲ್ಲಿ ಏನೋ ಹೇಳುತ್ತಿದ್ದ. ಈ ಬಗೆಯ ಸಂಗೀತವನ್ನು ಎಲೆಕ್ಟ್ರೋ-ಇಂಡಸ್ಟ್ರಿಯಲ್ ಎನ್ನುತ್ತಾರೆ. ಯಂತ್ರದ ಸದ್ದು, ಕರ್ಕಶ ತಾಳ, ಮನುಷ್ಯನ ದನಿ ಎಲ್ಲ ಒಂದರ ಮೇಲೊಂದು ಬಿದ್ದಿರಬೇಕು. ನಮ್ಮ ಸ್ಟುಡಿಯೋ ಇಚಿಲಂಪಾಡಿಯಲ್ಲಿ ಅವನ ಚಿಕ್ಕಮ್ಮ ರಬ್ಬರ್ ಶೀಟು ಒತ್ತುವ ಶೆಡ್ಡು.

“ಇಂಡಸ್ಟ್ರಿ ಎಲ್ಲಿ ಉಂಟು ಮಾರಾಯ ಇಲ್ಲಿ?” ಎಂದು ಚಿಕ್ಕಮ್ಮ ಮೊದಲ ದಿನವೇ ಕೇಳಿದ್ದರು. ಮೊದಲ ದಿನವೋ, ಆಮೇಲೆ ಯಾವಾಗಲೋ. ನೆನಪು ಒಳ್ಳೆಯ ಮಾತುಗಳನ್ನೆಲ್ಲ ಮೊದಲ ದಿನಕ್ಕೇ ತಂದು ಇಡುತ್ತದೆ, ನಂಬಬೇಡಿ.

ಆ ಶೆಡ್ಡಿನಲ್ಲಿ ಏನು ರೆಕಾರ್ಡ್ ಮಾಡಿದರೂ ಹಿಂದೊಂದು ‘ಗುಂಯ್’ ಸದ್ದು ಬರುತ್ತಿತ್ತು. ಬೇಸಿಗೆ ಏರಿದಂತೆ ಅದೂ ಏರುತ್ತಿತ್ತು. ಅದನ್ನು ನಾವು ಹುಟ್ಟಿಸಿದ್ದಲ್ಲ, ಎಲ್ಲಿಂದ ಬರುತ್ತದೆಂದು ಹುಡುಕಲೂ ಇಲ್ಲ. ಅದರ ಮೇಲೆ ಶೀಟು ಒತ್ತುವ ರೋಲರಿನ ಗಡಗಡ, ಅದರ ಮೇಲೆ ನಾವು, ಎಲ್ಲಕ್ಕೂ ಒಂದೇ ಮೈಕು. ಬೇರೆ ಬೇರೆಯಾಗಿ ರೆಕಾರ್ಡ್ ಮಾಡುವುದು ನಮ್ಮ ಸಿದ್ಧಾಂತಕ್ಕೆ ವಿರುದ್ಧವಾಗಿತ್ತು. ಇನ್ನೊಂದು ಮೈಕು ಇರಲೂ ಇಲ್ಲ.

ಮೊದಲ ಆಲ್ಬಮ್ ಇಂಟರ್ನೆಟ್ಟಿಗೆ ಹಾಕಿದಾಗ ಯಾವುದೋ ಚಳಿದೇಶದ ಕೇಳುಗರೊಬ್ಬರು, ಆ ಗುಂಯ್ ಕೇಳಿ ಮೈ ಜುಮ್ಮೆಂದಿತೆಂದು ಬರೆದರು. ಅದು ಯಂತ್ರಯುಗದ ಒಳನರಳಾಟವೆಂದೂ, ಗೆಳೆಯನ ದನಿ ನೆಲೆ ತಪ್ಪಿದವರ ಶೋಕವೆಂದೂ ನಾನು ಉತ್ತರಿಸಿದೆ. ಅವನು ಏನು ಹೇಳುತ್ತಾನೆಂದು ನನಗೆ ಆ ಗದ್ದಲದಲ್ಲಿ ಒಂದು ದಿನವೂ ಕೇಳಿಸಿರಲಿಲ್ಲ. ವಿಚಾರಿಸಿದರೆ “ಅದು ಒಳಗಿಂದ ಬರುದು” ಎನ್ನುತ್ತಿದ್ದ. ನಾನು ಬಾರಿಸುವುದೂ ಅವನಿಗೆ ಕೇಳಿಸುತ್ತಿರಲಿಲ್ಲ. ವಿಚಾರಿಸಿದರೆ ನಾನು “ಸಂಕೀರ್ಣ” ಎನ್ನುತ್ತಿದ್ದೆ. ನನಗೆ ಧೈರ್ಯವಾಗಿ ಬರುತ್ತಿದ್ದುದು ಮೂರು ಸ್ವರ. ಗುಂಯ್ ಇರುವವರೆಗೆ ಮೂರು ಧಾರಾಳ ಸಾಕಿತ್ತು.

ಹೀಗಿರುವಾಗ ಪುತ್ತೂರಿನ ಸಣ್ಣ ಸಭಾಭವನವೊಂದರಲ್ಲಿ ನುಡಿಸಲು ಕರೆ ಬಂತು. ಊರಿನಲ್ಲಿ ನಮ್ಮ ಮೊದಲ ಕಾರ್ಯಕ್ರಮ. ನಾವು ಸಂಗೀತಗಾರರು ಹೌದೋ ಅಲ್ಲವೋ ಎಂದು ನಮ್ಮವರೇ ತೀರ್ಮಾನಿಸುವ ದಿನ. ಅದೇ ವಾರ ರೋಲರ್ ಮುಟ್ಟಿದ ಚಿಕ್ಕಮ್ಮನಿಗೆ ಶಾಕ್ ಹೊಡೆಯಿತು. ವಯರಿಂಗಿನವರು ಬಂದರು. ಶೆಡ್ಡಿನ ಹಿಂದೆ, ಸೋರಿದ ಕರೆಂಟು ನೆಲಕ್ಕಿಳಿಯುವ ಅರ್ಥಿಂಗ್ ಗುಂಡಿ ಒಣಗಿದೆ ಎಂದರು. ಉಪ್ಪು, ಇದ್ದಿಲು ತುಂಬಿಸಿ ಕೊಡಪಾನದಲ್ಲಿ ನೀರು ಹೊಯ್ದರು. ಗೆಳೆಯನ ಪ್ರಕಾರ ವಯರಿಂಗಿನವರು ಬರಲೇ ಇಲ್ಲ, ಬೇಸಿಗೆ ಮಳೆಗೆ ಗುಂಡಿ ನೆನೆದದ್ದು. ಅವನ ಕಥೆಗಳಲ್ಲಿ ತಪ್ಪು ಯಾವಾಗಲೂ ಪ್ರಕೃತಿಯದ್ದೇ. ಅಂತೂ ಸಂಜೆ ಸ್ವಿಚ್ ಹಾಕಿದರೆ ಗುಂಯ್ ಇಲ್ಲ. ಯಂತ್ರಯುಗದ ಒಳನರಳಾಟ ಒಂದಿಷ್ಟು ನೀರಿಗೆ ತಣ್ಣಗಾಗಿತ್ತು.

“ಚಿಕ್ಕಮ್ಮ, ಆ ಅರ್ಥ್ ವಯರು ಎರಡು ದಿನ ಬಿಚ್ಚಿ ಇಡ್ಲಿಕ್ಕೆ ಆಗ್ತದಾ?” ಎಂದು ಕೇಳಿದೆ.

“ಬಿಚ್ಚು. ಮತ್ತೆ ಶೀಟು ಒತ್ಲಿಕ್ಕೆ ನೀನೇ ನಿಲ್ಲು.”

“ಕಲೆಗೆ ಬೇಕಾಗಿ, ಚಿಕ್ಕಮ್ಮ.”

“ನಂಗೆ ಶಾಕ್ ಹೊಡೆದು ನಾನು ಬೊಬ್ಬೆ ಹಾಕಿದ್ರೆ ಅದನ್ನೂ ರೆಕಾರ್ಡ್ ಮಾಡುದಾ?”

ಗೆಳೆಯ ನಿಜಕ್ಕೂ ಅದನ್ನೇ ಯೋಚಿಸುತ್ತಿದ್ದ. ಅವನ ಮುಖ ನೋಡಿದ ಚಿಕ್ಕಮ್ಮ ಕೊಡಪಾನ ಎತ್ತಿಕೊಂಡು ಹೋಗಿ ಗುಂಡಿಗೆ ಇನ್ನೊಮ್ಮೆ ನೀರು ಹೊಯ್ದು ಬಂದರು.

ಹಳೆಯ ಆಲ್ಬಮ್‌ನಿಂದ ಗುಂಯ್ ಒಂದನ್ನೇ ಕತ್ತರಿಸಿ ತೆಗೆಯೋಣವೆಂದರೆ, ಒಂದೇ ಮೈಕಿನ ಸಿದ್ಧಾಂತದಿಂದಾಗಿ ಅದು ಎಲ್ಲದರೊಳಗೆ ಬೆರೆತುಹೋಗಿತ್ತು. ಸಭಾಭವನದ ಅರ್ಥಿಂಗಾದರೂ ಕೆಟ್ಟಿರಲಿ ಎಂದು ಆಸೆಪಟ್ಟು ಹೋದೆವು. ಅಲ್ಲಿಯ ಸೌಂಡಿನವರು, “ನಮ್ಮಲ್ಲಿ ಗುಂಯ್ ಅನ್ನುವ ಹಮ್ಮಿಂಗ್ ಒಂದು ಚೂರು ಇಲ್ಲ, ಕೇಳಿ ನೋಡಿ ಬೇಕಾದ್ರೆ” ಎಂದು ಹೆಮ್ಮೆಪಟ್ಟರು.

ಶುರುವಾಯಿತು. ನನ್ನ ಮೂರು ಸ್ವರಗಳು ತೊಳೆದಿಟ್ಟ ಲೋಟಗಳ ಹಾಗೆ ಸಾಲಾಗಿ ಬಂದವು. ಮತ್ತೆ ಅವೇ ಮೂರು. ಗೆಳೆಯ ತಿರುಗಿ ನೋಡಿದ. ಆಮೇಲೆ ಅವನ ದನಿ ಎದ್ದಿತು, ಅಕ್ಷರ ಅಕ್ಷರವೂ ಸ್ಪಷ್ಟ: “ಮಕ್ಕಳ ಕೈಗೆ ಸಿಗದಂತೆ ಇಡಿ. ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ. ಚರ್ಮಕ್ಕೆ ತಾಗಿದರೆ ನೀರಿನಿಂದ ಚೆನ್ನಾಗಿ ತೊಳೆಯಿರಿ.”

ಎದುರು ಸಾಲಿನಲ್ಲಿದ್ದ ಚಿಕ್ಕಮ್ಮ ಪಕ್ಕದವರಿಗೆ, ಪಿಸುಮಾತೆಂದು ತಾವು ತಿಳಿದ ದನಿಯಲ್ಲಿ, “ಅಯ್ಯೋ ಮಾರಾಯ್ತಿ, ಇದು ನಮ್ಮ ರಬ್ಬರ್ ಹಾಲಿಗೆ ಹಾಕುವ ಆಸಿಡಿನ ಕ್ಯಾನಿನಲ್ಲಿ ಬರೆದದ್ದು!” ಎಂದರು.

ಸಭೆ ನಕ್ಕಿತು. ಗೆಳೆಯ ನನ್ನ ಬಳಿ ಬಂದ, ಮೈಕು ಕೈಯಲ್ಲೇ ಇದ್ದುದನ್ನು ಮರೆತು.

“ನಿಂದು ಮೂರೇ ಉಂಟಾ?”

“ನಿಂದು ಆಸಿಡಾ?”

ನಗೆ ಇನ್ನೂ ಜೋರಾಯಿತು. ನಾನು ಎದ್ದು ಹೋಗುವವನಿದ್ದೆ. ಅವನು ಸಭೆಯ ಕಡೆ ತಿರುಗಿ “ತಂಪಾದ ಜಾಗದಲ್ಲಿ ಇಡಿ” ಎಂದ. ಈ ಸಲ ನಿಧಾನವಾಗಿ, ನನ್ನ ಸ್ವರ ಬರುವವರೆಗೆ ನಿಂತು. ಅವನ ಮುಂದಿನ ಮಾತು ಬರುವವರೆಗೆ ನಾನೂ ಕಾದೆ. ಅಲ್ಲಿಂದ ಕೊನೆಯವರೆಗೂ ಹಾಗೆಯೇ ಹೋಯಿತು. ಕೊನೆಗೆ ಚಪ್ಪಾಳೆ ಬಂತೆಂದು ಅವನು ಹೇಳುತ್ತಾನೆ. ನನಗೆ ನೆನಪಿರುವುದು ಕುರ್ಚಿ ಎಳೆಯುವ ಸದ್ದು.

ವ್ಯವಸ್ಥಾಪಕರು ಬಂದು ನನ್ನ ಕೈ ಕುಲುಕಿದರು. “ಹಾಸ್ಯ ಬಾರೀ ಲಾಯ್ಕ ಆಯ್ತು ಮಾರಾಯ್ರೆ. ಸಂಗೀತ ಅಂತ ಹೇಳಿ ನಮ್ಮನ್ನು ಮಂಗ ಮಾಡಿದ್ರಲ್ಲ!”

ಮುಂದಿನ ತಿಂಗಳು ಸುಳ್ಯದಿಂದ ಕರೆ ಬಂತು, ನಗೆ ಸಂಜೆಗೆ. ಹೋಗುವುದು ನಮ್ಮ ಮರ್ಯಾದೆಗೆ ಕಡಿಮೆ ಎಂದು ನಾನು ಗೆಳೆಯನೊಡನೆ ಬಹಳ ಹೊತ್ತು ವಾದಿಸಿದೆ. ಅವನು ಹೊಸ ಸಾಲುಗಳನ್ನು, ಈ ಸಲ ಸ್ವಂತದವನ್ನು, ಬಾಯಿಪಾಠ ಮಾಡುತ್ತಿದ್ದ.

“ನಗ್ತಾರೆ ಮಾರಾಯ” ಎಂದೆ.

“ನಗ್ಲಿಕ್ಕಾದ್ರೂ ಕೇಳ್ಬೇಕಲ್ಲ” ಎಂದ.