ಹಾರಿಹೋದ ಮಾಡಿನ ಪರವಾಗಿ

ಓದುವಾಗ ಅವರ ಕೆಳತುಟಿ ಮುಂದಕ್ಕೆ ಬರುತ್ತಿತ್ತು. ಬೇಳೆಯ ಪ್ಯಾಕೆಟ್ಟಿನ ಹಿಂಬದಿಯಾಗಲಿ, ಕಟ್ಟಡ ಕಾಯುವ ಹಾರಿಸ್ ಲಿಫ್ಟಿನಲ್ಲಿ ಅಂಟಿಸಿದ ಸೂಚನೆಯಾಗಲಿ, ಮೊದಲಿನಿಂದ ಕೊನೆಯವರೆಗೆ ಓದಿಯೇ ಮುಂದೆ ಹೋಗುತ್ತಿದ್ದರು. ಕನ್ನಡಕ ಹಣೆಯ ಮೇಲೆ, ಕಾಗದ ಮೂಗಿನ ಹತ್ತಿರ, ತುಟಿ ಮುಂದೆ. ಅಷ್ಟರಲ್ಲಿ ಲಿಫ್ಟ್ ಬಂದು ಹೊರಟುಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಕುವೈತಿನ ಸಲ್ವಾದಲ್ಲಿ ಅವರು ನಮ್ಮ ಮೇಲಿನ ಮಹಡಿಯಲ್ಲಿದ್ದರು. ನಾವು ಬಂಟ್ವಾಳದ ಕಡೆಯ ಬ್ಯಾರಿಗಳು, ಅವರು ಉಡುಪಿ ಕಡೆಯವರು, ಮನೆಮಾತು ತುಳು. ನಮ್ಮಿಬ್ಬರ ಮಾತು ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ ನಡೆಯುತ್ತಿತ್ತು. ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಮಕ್ಕಳೂ ಅಕ್ಕ ಎಂದೇ ಕರೆಯುತ್ತಿದ್ದವು. "ಅಮ್ಮನಿಗೂ ಅಕ್ಕ, ಮಕ್ಕಳಿಗೂ ಅಕ್ಕ. ನನಗೆ ವಯಸ್ಸೇ ಆಗುದಿಲ್ಲ ನೋಡು" ಎಂದು ನಗುತ್ತಿದ್ದರು. ಮದುವೆಯಾಗಿರಲಿಲ್ಲ. ಇಲ್ಲಿಯ ಒಂದು ವಿಮಾ ಕಂಪನಿಯಲ್ಲಿ, ಗಾಡಿಗಳ ಅಪಘಾತದ ಕ್ಲೇಮು ನೋಡುವ ವಿಭಾಗದಲ್ಲಿ ಅವರಿಗೆ ಕೆಲಸ.

"ಇಲ್ಲ ಅಂತ ಬರೆಯುವ ಕೆಲಸ ನಂದು" ಎಂದು ಅವರೇ ಹೇಳುತ್ತಿದ್ದರು. ಆದರೆ ಆ 'ಇಲ್ಲ'ಕ್ಕೊಂದು ಕಟ್ಟುಪಾಡು ಇತ್ತು. ಒಮ್ಮೆ ಶುವೈಖ್‌ನ ಒಬ್ಬ ಡ್ರೈವರನ ಪಿಕಪ್‌ಗೆ ಯಾರೋ ಹಿಂದಿನಿಂದ ಗುದ್ದಿದ್ದರು. ಅದು ಹಳೆಯ ಏಟು ಎಂದು ವರದಿ ಬಂತು, ಅಕ್ಕ ನಿರಾಕರಣೆಗೆ ಸಹಿ ಹಾಕಿದರು. ಮರುದಿನ ಆತ ಕೌಂಟರಿನ ಮುಂದೆ ನಿಂತು, "ಮೇಡಂ, ಏಕ್ ಬಾರ್ ಗಾಡಿ ದೇಖ್ ಲೋ" ಎಂದನಂತೆ. ಅಷ್ಟೇ. ಗಲಾಟೆ ಮಾಡಲಿಲ್ಲ. ಅಕ್ಕ ಮಧ್ಯಾಹ್ನದ ಉರಿಬಿಸಿಲಿನಲ್ಲಿ ಆತನ ಜೊತೆಗೇ ಗ್ಯಾರೇಜಿಗೆ ಹೋಗಿ ನೋಡಿದರು. ಏಟು ಹೊಸದು, ಕಿತ್ತ ಬಣ್ಣದಡಿ ತುಕ್ಕಿನ ಗುರುತೂ ಇರಲಿಲ್ಲ. ವಾಪಸು ಬಂದು ತನ್ನ ಸಹಿಯನ್ನು ತಾನೇ ಹೊಡೆದುಹಾಕಿ ಕ್ಲೇಮು ಮಂಜೂರು ಮಾಡಿಸಿದರು. ಮ್ಯಾನೇಜರ್ ಬೈದ. "ಬೈಯಲಿ. ನೋಡದೆ ಇಲ್ಲ ಅನ್ನಬಾರದು" ಎಂದಷ್ಟೇ ನನಗೆ ಹೇಳಿ, ಮೀನಿನ ಸಾರಿಗೆ ಉಪ್ಪು ಸಾಕಾ ಎಂದು ಕೇಳಿದ್ದರು.

ಊರಿನಲ್ಲಿ ನಾನು ಕಟ್ಟಿಸಿದ ಮನೆಯ ಮೇಲೆ ಸುಂಟರಗಾಳಿ ಬೀಸಿದ್ದು ಮಳೆಗಾಲಕ್ಕೆ ಸ್ವಲ್ಪ ಮುಂಚೆ. ಮನೆಯಲ್ಲಿ ನನ್ನ ತಂಗಿ ತನ್ನ ಇಬ್ಬರು ಮಕ್ಕಳೊಂದಿಗೆ ಇದ್ದಳು. ಗಂಡನಿಂದ ಬೇರೆಯಾಗಿ ಬಂದು, ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದವಳು. ಸಂಜೆ ಇದ್ದಕ್ಕಿದ್ದಂತೆ ಆಕಾಶ ಕಪ್ಪಾಯಿತು, ಲಾರಿ ಬಂದಂತೆ ಸದ್ದಾಯಿತು ಎಂದಳು. ಕಾಂಕ್ರೀಟ್ ಸ್ಲ್ಯಾಬ್ ಇದ್ದದ್ದು ಬಚ್ಚಲಿಗೆ ಮಾತ್ರ. ಮಕ್ಕಳನ್ನು ಎಳೆದುಕೊಂಡು ಅದರೊಳಗೆ ಹೊಕ್ಕು ಬಾಗಿಲ ಚಿಲಕ ಬಿಗಿಹಿಡಿದು ಕೂತಳು. ಹೊರಗೆ ಬಂದಾಗ ಅಡುಗೆಮನೆಯ ಗೋಡೆ ಮಲಗಿತ್ತು. ಹಂಚು, ಅದನ್ನು ಹೊತ್ತ ಕಬ್ಬಿಣದ ಚೌಕಟ್ಟು, ಇಡೀ ಮಾಡು ಎದ್ದುಹೋಗಿ ಗದ್ದೆಯಾಚೆ ಬಿದ್ದಿತ್ತು.

ಬ್ಯಾಂಕ್ ಸಾಲದ ಜೊತೆಗೆ ಮಾಡಿಸಿದ ಮನೆಯ ವಿಮೆ ಇತ್ತಲ್ಲ ಎಂಬ ಧೈರ್ಯ ನನಗೆ. ಸರ್ವೇಯರ್ ಬಂದ, ಅಂಗಳದಲ್ಲಿ ನಿಂತು ಫೋಟೋ ತೆಗೆದ, ಹೋದ. ಕೆಲವು ವಾರಗಳ ಮೇಲೆ ಉತ್ತರ ಬಂತು: ಆ ದಿನ ಹತ್ತಿರದ ಹವಾಮಾನ ಕೇಂದ್ರದಲ್ಲಿ ಬಿರುಗಾಳಿ ದಾಖಲಾಗಿಲ್ಲ, ನಿರ್ವಹಣೆಯ ಕೊರತೆಯಿಂದ ಮನೆ ಹಾಳಾಗಿದೆ, ಆದ್ದರಿಂದ ಕ್ಲೇಮು ತಿರಸ್ಕೃತ.

ನಾನು ಮೆಟ್ಟಿಲು ಹತ್ತಿ ಅಕ್ಕನ ಬಾಗಿಲು ಬಡಿದೆ. ಅವರು ಓದಿದರು. ಮತ್ತೊಮ್ಮೆ ಓದಿದರು.

"ಇಂಥದ್ದನ್ನು ನಾನೂ ಬರೆದಿದ್ದೇನೆ ಮಾರಾಯ್ತಿ. ಇದು ಕೊನೆಯ ಮಾತಲ್ಲ, ಮೊದಲನೆಯ ಮಾತು" ಎಂದರು. "ಸುಮ್ಮನಾಗುವವರು ಇಲ್ಲಿಗೇ ಸುಮ್ಮನಾಗ್ತಾರೆ. ನೀನು ಎಂತ ಮಾಡ್ತಿ?"

"ಬಿಡುದಿಲ್ಲ ಅಕ್ಕ."

"ಹಾಗಾದ್ರೆ ತಂಗಿಗೆ ಫೋನ್ ಮಾಡು. ತೆಂಗಿನಮರ ಬಿದ್ದದ್ದು ಯಾವ ದಿಕ್ಕಿಗೆ ಅಂತ ಕೇಳು."

ನನಗೆ ವಿಚಿತ್ರವೆನಿಸಿತು. ಮನೆ ಹೋದದ್ದರ ಬಗ್ಗೆ ಮಾತಾಡುವಾಗ ತೆಂಗಿನಮರ ಯಾಕೆ? ತಂಗಿ ಹೇಳಿದಳು: ಒಂದು ಗದ್ದೆಯ ಕಡೆಗೆ, ಅದರ ಪಕ್ಕದ್ದು ಗುಡ್ಡದ ಕಡೆಗೆ. ಅಕ್ಕ ಮೇಜು ಕುಟ್ಟಿದರು. ಬರೀ ಗಾಳಿಯಾದರೆ ಎಲ್ಲವೂ ಒಂದೇ ಕಡೆ ಮಲಗುತ್ತವೆ, ತಿರುಗುವ ಗಾಳಿಯಾದರೆ ಹೀಗೆ. ರಸ್ತೆಯಾಚೆಯ ಬಾಳೆತೋಟಕ್ಕೆ ಏನೂ ಆಗಿಲ್ಲ ಎಂದು ಸರ್ವೇಯರ್ ಬರೆದಿದ್ದ. ಅದೂ ನಮ್ಮ ಪರವಾಗಿಯೇ ಇದೆ ಎಂದರು. ಸುಂಟರಗಾಳಿ ಓಣಿಯ ಹಾಗೆ ಇಕ್ಕಟ್ಟಾದ ದಾರಿ ಹಿಡಿದು ಹೋಗುತ್ತದೆ, ಪಕ್ಕದ ಹಿತ್ತಲನ್ನು ಮುಟ್ಟುವುದಿಲ್ಲ.

ಆಮೇಲೆ ನನ್ನ ತಂಗಿಗೆ ಬಿಡುವೇ ಇರಲಿಲ್ಲ. ಗುಡ್ಡದ ಬುಡದಿಂದ ಗದ್ದೆಯಾಚೆಗೆ ಗಾಳಿ ಹೋದ ದಾರಿಯಲ್ಲೇ ನಡೆಯುತ್ತಾ ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಮುರಿದ ವಿದ್ಯುತ್ ಕಂಬ, ನೆರೆಮನೆಯವರ ಹಾರಿದ ಶೀಟು, ಕೊನೆಗೆ ನಮ್ಮ ಚೌಕಟ್ಟು. ಗ್ರಾಮದ ಅಧಿಕಾರಿ ಬರೆದ ಮಹಜರಿನ ಪ್ರತಿಗಾಗಿ ಕಚೇರಿಯ ಬೆಂಚಿನಲ್ಲಿ ಕೂತಳು. "ನಾಳೆ ಬಾ ಅಂದ್ರು. ನಾಳೆಯವರೆಗೆ ಇಲ್ಲೇ ಕೂತುಕೊಳ್ತೇನೆ ಅಂದೆ. ಕೊಟ್ಟರು" ಎಂದು ಫೋನಿನಲ್ಲಿ ಹೇಳಿದಳು. ಸ್ಪೀಕರಿನಲ್ಲಿ ಕೇಳುತ್ತಿದ್ದ ಅಕ್ಕ, "ಇವಳನ್ನು ನಮ್ಮ ಆಫೀಸಿಗೆ ಕರೆಸಬೇಕಿತ್ತು" ಎಂದರು.

ಎಲ್ಲವನ್ನೂ ಕಳಿಸಿದ ಮೇಲೆ ಕಂಪನಿ ಒಂದು ಹೆಜ್ಜೆ ಹಿಂದೆ ಸರಿಯಿತು. ಹಂಚಿನ ದುಡ್ಡು ಕೊಡುತ್ತೇವೆ, ಚೌಕಟ್ಟಿಗೂ ಗೋಡೆಗೂ ಇಲ್ಲ, ಇನ್ನು ಏನೂ ಕೇಳುವುದಿಲ್ಲ ಎಂದು ಸಹಿ ಮಾಡಿ ಎಂದಿತು. ಅಷ್ಟರಲ್ಲಿ ಊರಿನಲ್ಲಿ ಮಳೆ ಹಿಡಿದಿತ್ತು. ಉಳಿದ ಒಂದು ಕೋಣೆಯ ಮೇಲೆ ಟಾರ್ಪಾಲು ಕಟ್ಟಿ ಮೂವರೂ ಅದರಡಿ ಇದ್ದರು. ನನ್ನ ಗಂಡ, "ಖಲಾಸ್, ಸಿಕ್ಕಿದ್ದು ತಕ್ಕೊಳ್ಳುವ. ಇಲ್ಲಿ ಕೂತು ಅಲ್ಲಿಯವರ ಜೊತೆ ಜಗಳ ಆಗುದಿಲ್ಲ" ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ಅಕ್ಕ ಯಾರ ಪರವಾಗಿಯೂ ವಾದಿಸಲಿಲ್ಲ. "ಸಹಿ ಹಾಕಿದ್ರೆ ಮುಗೀತು, ಆಮೇಲೆ ಬಾಗಿಲು ತೆರೆಯುವುದಿಲ್ಲ. ಹಾಕದಿದ್ರೆ ಬೆಂಗಳೂರಿನ ಲೋಕಪಾಲರಿಗೆ ದೂರು ಕೊಡಬಹುದು, ವಿಮೆಯ ತಕರಾರು ಕೇಳ್ಲಿಕ್ಕೆಂದೇ ಇರುವವರು. ಅದಕ್ಕೆ ತಿಂಗಳುಗಟ್ಟಲೆ ಹಿಡೀತದೆ, ಗೆಲ್ತೇವೆ ಅಂತ ನಾನು ಹೇಳುದಿಲ್ಲ. ಮಳೆಯಲ್ಲಿ ಇರುವವಳು ಅವಳು. ಅವಳನ್ನೇ ಕೇಳಿ."

ಕೇಳಿದೆವು. ಟಾರ್ಪಾಲಿನ ಮೇಲೆ ಮಳೆ ಬಡಿಯುವ ಸದ್ದಿನ ನಡುವೆ ತಂಗಿ ಕೂಗಿ ಹೇಳಿದಳು: "ಹಾಕಬೇಡಿ! ನಾನು ಮನೆ ಸರಿ ಇಟ್ಟುಕೊಳ್ಳದೆ ಬಿದ್ದದ್ದು ಅಂತ ಬರೆದಿದ್ದಾರಲ್ಲ, ಅದನ್ನು ಮೊದಲು ಅಳಿಸಲಿ!"

ನಮ್ಮ ಮನೆಯವರು ಶುವೈಖ್‌ನ ಗೋದಾಮಿನಲ್ಲಿ ಜೊತೆಗೆ ಕೆಲಸ ಮಾಡುವವರ ಹತ್ತಿರ ಕೈಗಡ ಕೇಳಿ, ಮಳೆಗಾಲ ಕಳೆಯುವಷ್ಟು ತಗಡಿನ ಶೀಟು ಹಾಕಿಸಿದರು. ನಾವು ದೂರು ಕೊಟ್ಟೆವು.

ವಿಚಾರಣೆ ವಿಡಿಯೋ ಕರೆಯಲ್ಲಿ ಎಂದು ತಿಳಿಯಿತು. ಪಾಲಿಸಿ ಇದ್ದದ್ದು ನನ್ನ ಹೆಸರಿನಲ್ಲಿ, ನಾನೇ ಮಾತಾಡಬೇಕು. ನಾನು ಕ್ಲಿನಿಕ್ಕಿನ ರಿಸೆಪ್ಷನಿನಲ್ಲಿ ದಿನವಿಡೀ ಮಾತಾಡುವವಳೇ, ಆದರೆ ಇದಕ್ಕೆ ಹೆದರಿದೆ. ಆ ಶುಕ್ರವಾರ ಬೆಳಿಗ್ಗೆ ಅಕ್ಕ ಅಡುಗೆಮನೆಯ ಮೇಜಿನಾಚೆ ನನ್ನನ್ನು ಕೂರಿಸಿ, ತಾನೇ ಕಂಪನಿಯ ಅಧಿಕಾರಿಯಾದರು. ದನಿಯೇ ಬೇರೆಯಾಯಿತು. "ಮನೆಗೆ ಕೊನೆಯ ಸಲ ರಿಪೇರಿ ಮಾಡಿಸಿದ್ದು ಯಾವಾಗ? ನೀವು ಕುವೈತಿನಲ್ಲಿದ್ದೀರಿ, ಗಾಳಿ ನಿಮಗೆ ಹೇಗೆ ಗೊತ್ತು? ಗೋಡೆಯ ಬಿರುಕು ಮೊದಲೇ ಇರಲಿಲ್ಲ ಅನ್ಲಿಕ್ಕೆ ಎಂತ ಪುರಾವೆ?" ಒಂದರ ಹಿಂದೆ ಒಂದು. ತಡವರಿಸಿದರೆ ಕಾಯುತ್ತಿರಲಿಲ್ಲ. ನಾನು ಅತ್ತುಬಿಟ್ಟೆ.

ಅವರು ಎದ್ದು ನೀರು ಕೊಟ್ಟರು. "ಅಳುದಾದ್ರೆ ಇಲ್ಲೇ ಅತ್ತು ಮುಗಿಸು. ಅಲ್ಲಿ ಅಳಬಾರದು ಅಂತಲ್ಲ, ಅಲ್ಲಿ ಹೇಳ್ಲಿಕ್ಕೆ ಬೇರೆ ಉಂಟು." ಮತ್ತೆ ಕೂತು, ಮತ್ತೆ ಅದೇ ದನಿಯಲ್ಲಿ ಶುರುಮಾಡಿದರು. ಮಧ್ಯಾಹ್ನದ ಹೊತ್ತಿಗೆ ನಾನು ಅವರ ಮಾತನ್ನು ತಡೆದು ಉತ್ತರಿಸತೊಡಗಿದ್ದೆ.

ವಿಚಾರಣೆಯ ದಿನ ಅವರು ರಜೆ ಹಾಕಿ, ಕ್ಯಾಮೆರಾಕ್ಕೆ ಕಾಣದಂತೆ ಕಿಟಕಿಯ ಬಳಿ ಕೂತರು. ಕಂಪನಿಯ ಅಧಿಕಾರಿ ಹವಾಮಾನ ಕೇಂದ್ರದ ವರದಿ ಓದಿದರು.

"ಸರ್, ಆ ಕೇಂದ್ರ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ ಉಂಟು" ಎಂದೆ. "ಅಲ್ಲಿ ಗಾಳಿ ಇರಲಿಲ್ಲ, ಅದು ಸತ್ಯವೇ. ಇಲ್ಲಿ ಬಂದದ್ದು ಸುಂಟರಗಾಳಿ. ನಿಮ್ಮ ಸರ್ವೇಯರ್ ಗದ್ದೆ ದಾಟಿ ಹೋಗಿ ನಮ್ಮ ಮಾಡನ್ನು ನೋಡಿದ್ದಾರಾ? ನೋಡಿದ್ರೆ ಅದರ ಫೋಟೋ ತೋರಿಸಿ."

ಅಧಿಕಾರಿ ಕಾಗದ ತಿರುವಿದರು. ಲೋಕಪಾಲರೂ ಅದನ್ನೇ ಕೇಳಿದರು. ಫೋಟೋ ಇರಲಿಲ್ಲ. ನಮ್ಮ ವಿಡಿಯೋ ಹಾಕಿಸಿದರು. ಆಮೇಲೆ, ಮನೆಯಲ್ಲಿದ್ದವರು ಯಾರಾದರೂ ಇದ್ದಾರೆಯೇ ಎಂದರು. ಊರಿನಿಂದ ಕರೆಗೆ ಸೇರಿದ್ದ ತಂಗಿ ತಲೆಯ ಬಟ್ಟೆ ಸರಿಮಾಡಿಕೊಂಡು ಮುಂದೆ ಬಂದಳು.

"ನಾನು ಅದರ ಒಳಗೆ ಇದ್ದೆ ಸರ್. ಬಚ್ಚಲಿನ ಬಾಗಿಲನ್ನು ಗಾಳಿ ಆಚೆಯಿಂದ ಎಳೀತಿತ್ತು, ನಾನು ಈಚೆಯಿಂದ ಹಿಡ್ಕೊಂಡಿದ್ದೆ. ನಿರ್ವಹಣೆ ಇಲ್ಲದ ಮನೆ ಕುಸಿದು ಬೀಳ್ತದೆ ಸರ್, ಹಾರಿ ಹೋಗುದಿಲ್ಲ."

ಕಿಟಕಿಯ ಬಳಿ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಆ ಮಾತನ್ನು ಅವರು ಯಾರಿಗೂ ಕಲಿಸಿರಲಿಲ್ಲ.

ಆದೇಶ ನಮ್ಮ ಪರವಾಗಿ ಬಂತು: ಚೌಕಟ್ಟು, ಗೋಡೆ, ಹಂಚು ಎಲ್ಲಕ್ಕೂ. ಮನೆ ಹಳತಾದ ಲೆಕ್ಕದಲ್ಲಿ ಸ್ವಲ್ಪ ಕಳೆದಿದ್ದರು. ಅದಕ್ಕೂ ಹೋರಾಡೋಣವೇ ಎಂದು ಕೇಳಿದೆ. ಅಕ್ಕ ಆದೇಶವನ್ನು ಪೂರ್ತಿ ಓದಿ, "ಇಲ್ಲ, ಇದು ನ್ಯಾಯ. ಇವರು ನೋಡಿ ಬರೆದಿದ್ದಾರೆ. ಒಪ್ಪಿಕೋ" ಎಂದರು. ನಿರ್ವಹಣೆಯ ಕೊರತೆ ಎಂಬ ಕಾರಣಕ್ಕೆ ಆಧಾರವಿಲ್ಲ ಎಂದು ಬರೆದ ಸಾಲನ್ನು ಮಾತ್ರ ತಂಗಿಗೆ ಫೋನಿನಲ್ಲಿ ಎರಡು ಸಲ ಓದಿ ಹೇಳಿದರು.

ಮುಂದಿನ ರಜೆಯಲ್ಲಿ ಊರಿಗೆ ಹೋದವರು ಉಡುಪಿಯಿಂದ ಬಸ್ಸು ಹಿಡಿದು ನಮ್ಮ ಮನೆಗೂ ಹೋದರು. ನಿವೃತ್ತಿಯ ಅಂಚಿನ ಹೆಂಗಸು, ಸೀರೆಯ ನೆರಿಗೆ ಎತ್ತಿ ಕಟ್ಟಿ ಏಣಿ ಹತ್ತಿ, ಹೊಸ ಚೌಕಟ್ಟಿನ ಬೋಲ್ಟುಗಳನ್ನು ಕೈಯಾರೆ ಅಲ್ಲಾಡಿಸಿ ನೋಡಿದರಂತೆ. ಕೆಳಗೆ ಏಣಿ ಹಿಡಿದು ನಿಂತ ತಂಗಿ ಹೆದರಿ ಬೈಯುತ್ತಲೇ ಇದ್ದಳಂತೆ.

ಅಕ್ಕ ನಿವೃತ್ತರಾಗಿ ಕುವೈತ್ ಬಿಟ್ಟು ಬಹಳ ಕಾಲ ಬದುಕಲಿಲ್ಲ. ಕಾಯಿಲೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ, ಹೊರಡುವ ದಾರಿ ಇರಲಿಲ್ಲ. ಈಗ ಕ್ಲಿನಿಕ್ಕಿನಲ್ಲಿ ಯಾರ ವಿಮೆಯ ಅರ್ಜಿ ತಿರಸ್ಕಾರವಾದರೂ ಅವರನ್ನು ನನ್ನ ಹತ್ತಿರ ಕಳಿಸುತ್ತಾರೆ. ನಾನು ಎದುರು ಕೂತು, ಎದುರಾಳಿಯ ದನಿಯಲ್ಲಿ ಪ್ರಶ್ನೆ ಕೇಳುತ್ತೇನೆ. ಅದು ನನ್ನದಲ್ಲದ ದನಿ ಎಂದು ನನಗೆ ಗೊತ್ತು.

ಅಕ್ಕ ತೀರಿಹೋದ ಆ ದಿನ ನನ್ನ ಬದಲು ತಂಗಿ ಉಡುಪಿ ಕಡೆಯ ಅವರ ಮನೆಗೆ ಹೋಗಿದ್ದಳು. ಕೆಲಸ ಬಿಟ್ಟು, ಬುರ್ಖಾ ತೊಟ್ಟು, ಪರಿಚಯದವರು ಒಬ್ಬರೂ ಇಲ್ಲದ ಆ ಅಂಗಳಕ್ಕೆ. ಸಂಜೆ ಫೋನ್ ಮಾಡಿದಳು.

"ಬಾಗಿಲಲ್ಲಿ ತುಂಬ ಜನ ಇದ್ರು. ಇವರು ನಿಮಗೆ ಎಂತ ಆಗ್ಬೇಕು ಅಂತ ಒಬ್ಬರು ಕೇಳಿದ್ರು. ನನ್ನ ಮನೆ ನಿಲ್ಲಿಸಿ ಕೊಟ್ಟವರು ಅಂದೆ. ಎಲ್ಲ ಸರಿದು ದಾರಿ ಬಿಟ್ರು."