ಎಲ್ಲರೂ ಒಪ್ಪಿದ್ದಾರೆ ಅಂದವರಿಗೆ ಒಂದು ಪ್ರಶ್ನೆ

ಕಳೆದ ಶನಿವಾರ ನಾವಿರುವ ಊರು ಪಿಸ್ಕಾಟವೇಯ ಲೈಬ್ರರಿಯಲ್ಲಿ ನಾನು ಕೈ ಎತ್ತಿದೆ. ಪಕ್ಕದಲ್ಲಿದ್ದ ಗಂಡ ಥಟ್ಟನೆ ನನ್ನ ಸ್ವೆಟರ್ ಜಗ್ಗಿದರು.

"ಸುಮ್ನ ಕೂಡು, ಎಲ್ಲಾರೂ ನೋಡ್ಲಿಕ್ಕತ್ತಾರ."

ನೋಡಲಿ!

ಕ್ವಾಂಟಂ ಮೆಕ್ಯಾನಿಕ್ಸ್ ಬಗ್ಗೆ ಸಾರ್ವಜನಿಕರಿಗೆ ಫ್ರೀ ಲೆಕ್ಚರ್. 2000ನೇ ಇಸವಿಯ ಕಂಪ್ಯೂಟರ್ ತೊಂದರೆ ಸರಿಪಡಿಸುವ ವೈ2ಕೆ ಪ್ರಾಜೆಕ್ಟ್‌ಗೆಂದು ಇಲ್ಲಿಗೆ ಬಂದ ಗಂಡ, ಅವರ ಆಫೀಸಿನ ಮುರಳಿ, ನಾನು, ಮೂವರೂ ಹೋಗಿದ್ದೆವು. ನಾನು ಧಾರವಾಡದಲ್ಲಿ ಎಂಟು ವರ್ಷ ಬಿಎಸ್ಸಿ ಕ್ಲಾಸಿಗೆ ಫಿಸಿಕ್ಸ್ ಕಲಿಸಿದವಳು. ಇಲ್ಲಿ ಎಚ್-4 ವೀಸಾದ ಹೆಂಡತಿ. (ಅಂದರೆ ಸಂಬಳದ ಕೆಲಸ ಮಾಡುವಂತಿಲ್ಲ. ಚಪಾತಿ ಮಾಡಬಹುದು.)

ಮಾತಾಡಿದವರು ಬಿಳಿ ಗಡ್ಡದ ನಿವೃತ್ತ ಪ್ರೊಫೆಸರ್. ಚೆನ್ನಾಗಿಯೇ ಹೇಳಿದರು. ಒಟ್ಟಿಗೆ ಹುಟ್ಟಿದ ಎರಡು ಕಣಗಳು ಎಷ್ಟೇ ದೂರ ಹೋಗಲಿ, ಒಂದನ್ನು ಅಳೆದಾಗ ಬರುವ ಉತ್ತರಕ್ಕೂ ಇನ್ನೊಂದರ ಉತ್ತರಕ್ಕೂ ಬಿಡದ ನಂಟು. ಸರಿ. ಆಮೇಲೆ ಅಂದರು: "ಇಲ್ಲಿ ಅಳೆದ ಕ್ಷಣವೇ ಅಲ್ಲಿಯ ಕಣ ಬದಲಾಗುತ್ತದೆ. ಭೌತವಿಜ್ಞಾನಿಗಳೆಲ್ಲ ಒಪ್ಪಿದ ಮಾತು."

ಎಲ್ಲರೂ? ಯಾವಾಗ ಒಪ್ಪಿದರು?

ಎದ್ದು ನಿಂತೆ.

"ಸರ್, ನಂಟು ಇರುವುದನ್ನು ಪ್ರಯೋಗ ತೋರಿಸಿದೆ. ಅಲ್ಲಿ ಏನೋ ಬದಲಾಯಿತು ಅನ್ನುವುದು ಒಂದು ವ್ಯಾಖ್ಯಾನ. ಬದಲಾಗುವುದು ನಮ್ಮ ತಿಳಿವಳಿಕೆ ಮಾತ್ರ ಅನ್ನುವವರಿದ್ದಾರೆ. ಎಲ್ಲ ಉತ್ತರಗಳೂ ಬೇರೆ ಬೇರೆ ಜಗತ್ತುಗಳಲ್ಲಿ ನಿಜವಾಗುತ್ತವೆ, ದೂರಕ್ಕೆ ಏನೂ ಹಾರುವುದಿಲ್ಲ ಅನ್ನುವವರೂ ಇದ್ದಾರೆ. ಲೆಕ್ಕ ಎಲ್ಲರದ್ದೂ ಒಂದೇ. ನಿಮ್ಮದೇ ಸರಿ ಅಂತ ಯಾವ ಪ್ರಯೋಗ ಹೇಳಿತು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಪ್ರೊಫೆಸರ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಯಾವುದೂ ಇಲ್ಲ," ಅಂದರು. "ನನಗೆ ಹಾಗನ್ನಿಸುತ್ತದೆ ಅನ್ನಬೇಕಿತ್ತು. ನೀವು ಎಲ್ಲಿ ಪಾಠ ಮಾಡುತ್ತೀರಿ?"

"ಸದ್ಯ ಎಲ್ಲೂ ಇಲ್ಲ."

ಈ ದೇಶಕ್ಕೆ ಬಂದ ಮೇಲೆ ಆ ಪ್ರಶ್ನೆ ಕೇಳಿದ ಮೊದಲಿಗರು ಅವರು. ಉಳಿದವರೆಲ್ಲ ಕೇಳಿದ್ದು "ಹಸ್ಬೆಂಡ್ ಎಲ್ಲಿ ವರ್ಕ್ ಮಾಡ್ತಾರೆ?"

ವಾಪಸು ಬರುವಾಗ ಕಾರಿನಲ್ಲಿ ಮುರಳಿ ಶುರು ಮಾಡಿದರು. "ಏನ್ ಮೇಡಂ, ಲೆಕ್ಕ ಸರಿ ಬರತ್ತಲ್ಲ, ಸಾಕಲ್ವಾ? ಪ್ರೋಗ್ರಾಂ ರನ್ ಆದ್ರೆ ಯಾಕೆ ರನ್ ಆಯ್ತು ಅಂತ ನಾವು ಕೇಳ್ತೀವಾ? ಅದೂ ಎಚ್-4ನಲ್ಲಿದ್ಕೊಂಡು ಪಬ್ಲಿಕ್‌ನಲ್ಲಿ ಹೀಗೆ ಆರ್ಗ್ಯೂ ಮಾಡೋದು..."

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮುರಳಿಯನ್ನು ಅವರ ಅಪಾರ್ಟ್‌ಮೆಂಟಿನ ಮುಂದೆ ಇಳಿಸಿದ ಮೇಲೆ ಗಂಡ ಮೆಲ್ಲಗೆ ಕೇಳಿದರು: "ಆ ಬ್ಯಾರೆ ಬ್ಯಾರೆ ಜಗತ್ತಿನ ವಿಷಯ ಇನ್ನೊಮ್ಮೆ ಹೇಳು. ನನಗ ತಿಳೀಲಿಲ್ಲ."

ಮನೆ ಮುಟ್ಟುವವರೆಗೂ ಹೇಳಿದೆ. ಎಷ್ಟು ದಿನವಾಗಿತ್ತು ಹಾಗೆ ಪಾಠ ಮಾಡಿ!

ಮುರಳಿಯವರೇ, ಕೆಲಸ ಮಾಡಲು ಪರ್ಮಿಟ್ ಬೇಕು, ಒಪ್ಪಿದೆ. ಪ್ರಶ್ನೆ ಕೇಳಲೂ ಬೇಕೇ?